ಆಕೆ ಪರೀಕ್ಷೆಗೆಂದು ಬರೆದ ಕೊಳಲಿನ ಕೃತಿ

ಜನವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಆರೂವರೆ. ಹೊಸೂರಿನ ಹತ್ತಿರದ ತಳಿ ಎಂಬ ಊರಿನಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಇದ್ದವರು ನಾಲ್ವರು: ನಾನು, ನನ್ನ ಹೆಂಡತಿ, ಸೊಸೆ, ಮತ್ತು ಗುಮ್ಮಳಾಪುರದಿಂದ ಮೊದಲ ಬಸ್ಸಿಗೇ ಬಂದಿಳಿದ ಸೊಸೆಯ ತಂದೆ, ಅಂದರೆ ನಮ್ಮ ಬೀಗರು. ಮಗ ಬೆಳಗಿನ ಪಾಳಿಗೆಂದು ಹೊಸೂರಿನ ಕಾರ್ಖಾನೆಗೆ ಆಗಲೇ ಹೋಗಿದ್ದ.

ಬೀಗರು ಬರುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಒಂದು ಚೀಲ ಅವರೆಕಾಯಿ ಜಗಲಿಗೆ ಇಳಿಸಿ, ಬೀಜದಂಗಡಿಯಲ್ಲಿ ಕೆಲಸವಿತ್ತು, ಹಾಗೇ ಬಂದೆ ಎಂದರು.

"ಬೀಜದಂಗ್ಡಿ ಬಾಗ್ಲು ತೆಗೆಯಾದು ಹತ್ತು ಗಂಟ್ಗೆ ಕಣಣ್ಣ" ಎಂದಳು ನನ್ನ ಹೆಂಡತಿ. ಅವರು ಅವಳು ಕೊಟ್ಟ ಕಾಫಿಯನ್ನು ಊದಿ ಆರಿಸಿಕೊಂಡು ಕುಡಿಯತೊಡಗಿದರು.

ಆ ದಿನ ಸೊಸೆಗೆ ಹೊಸೂರಿನಲ್ಲಿ ಪಾಶ್ಚಾತ್ಯ ಕೊಳಲಿನ ಪರೀಕ್ಷೆಯಿತ್ತು. ಹನ್ನೊಂದು ಗಂಟೆಗೆ ಅವಳ ಸರದಿ. ಎಂಟೂ ಹತ್ತರ ಬಸ್ಸು ಹಿಡಿಯಬೇಕು ಎಂದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಕೀಬೋರ್ಡಿನಲ್ಲಿ ಜೊತೆ ನುಡಿಸಬೇಕಾದವನು ನಾನು.

ನಾನು ಸೈನ್ಯದ ಬ್ಯಾಂಡಿನಲ್ಲಿದ್ದವನು. ಹಳ್ಳಿಯ ಹುಡುಗನಾಗಿ ಸೇರಿ, ಅಲ್ಲಿಯೇ ಗೆರೆಯ ಮೇಲೆ ಬರೆದ ಸ್ವರ ಓದುವುದನ್ನು ಕಲಿತೆ. ಬೂಟಿಗೆ ಪಾಲಿಶ್ ಆಗದೆ ವಾದ್ಯ ಮುಟ್ಟುವಂತಿರಲಿಲ್ಲ. ಆ ಅಭ್ಯಾಸಗಳು ಇನ್ನೂ ಬಿಟ್ಟಿಲ್ಲ. ಈಗ ಅರ್ಧ ಎಕರೆಯಲ್ಲಿ ಗುಲಾಬಿ ಬೆಳೆಯುತ್ತೇನೆ. ಸಾಲುಗಳು ನೇರವಾಗಿವೆ ಎಂದು ನೋಡಿದವರು ಹೇಳುತ್ತಾರೆ.

ಸೊಸೆ ಮದುವೆಯಾಗಿ ಬಂದ ಮೊದಲ ವರ್ಷ, ಪೆಟ್ಟಿಗೆಯಲ್ಲಿದ್ದ ನನ್ನ ಲೋಹದ ಕೊಳಲನ್ನು ನಾನು ಒರೆಸಿಡುತ್ತಿದ್ದಾಗ ಅವಳು ಪಕ್ಕ ಬಂದು ಕೂತು, ನಾನೂ ಊದಲೇ ಮಾವ ಎಂದು ಕೇಳಿದಳು. ಅವಳ ತಂದೆ ಗುಮ್ಮಳಾಪುರದ ಸುತ್ತ ವಾಲಗಕ್ಕೆ ಹೆಸರಾದವರು. ವ್ಯವಸಾಯದ ನಡುವೆ, ಮದುವೆಯ ತಿಂಗಳುಗಳಲ್ಲಿ ನಾಗಸ್ವರ ನುಡಿಸುತ್ತಾರೆ. ಮಗಳು ಹುಟ್ಟಿದಂದಿನಿಂದ ಅದನ್ನೇ ಕೇಳಿ ಬೆಳೆದವಳು, ಆದರೆ ಹೆಣ್ಣುಮಕ್ಕಳು ಊದುವ ವಾದ್ಯ ಮುಟ್ಟಬಾರದೆಂಬ ಕಾರಣಕ್ಕೆ ಅವಳಿಗೆ ಕಲಿಸಿರಲಿಲ್ಲ. ನಾನು ಕಲಿಸಿದೆ. ಬೀಗರಿಗೆ ಅದು ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಅವಳು ಅಭ್ಯಾಸ ಮಾಡುವ ಹೊತ್ತಿಗೆ ನಮ್ಮ ಮನೆಗೆ ಬಂದೂ ಇರಲಿಲ್ಲ.

ಪರೀಕ್ಷೆಗೆ ಅವಳು ಆರಿಸಿಕೊಂಡ ಕೃತಿ ಒಬ್ಬ ಫ್ರೆಂಚ್ ಹೆಂಗಸಿನದು. ನಮ್ಮ ಬ್ಯಾಂಡಿನಲ್ಲೂ ಅದನ್ನು ನುಡಿಸುತ್ತಿದ್ದೆವು. ಹಾಳೆಯ ಮೇಲೆ ಮನೆತನದ ಹೆಸರಷ್ಟೇ ಇರುತ್ತಿದ್ದದ್ದರಿಂದ, ಬರೆದವನು ದಪ್ಪ ಮೀಸೆಯ ಗಂಡಸೆಂದೇ ನಮ್ಮೆಲ್ಲರ ಲೆಕ್ಕ. ನಿವೃತ್ತನಾಗಿ ಎಷ್ಟೋ ಕಾಲದ ಮೇಲೆ ಸೊಸೆ ಫೋನಿನಲ್ಲಿ ಹುಡುಕಿ, "ಮಾವ, ಇದನ್ನ ಬರ್ದಿರೋದು ಹೆಂಗ್ಸು" ಎಂದಳು. ನನಗೆ ನಂಬಿಕೆ ಬರಲು ಆಕೆಯ ಚಿತ್ರವನ್ನೇ ತೋರಿಸಬೇಕಾಯಿತು. ಆಮೇಲೆ ಕೆಲವು ಸಂಜೆ ಇಬ್ಬರೂ ಕೂತು ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು.

ಅಂದು ಬೆಳಿಗ್ಗೆ ಎಲ್ಲ ಸಿದ್ಧವಾಗಿದ್ದಾಗ ಸೊಸೆ ಕೊಳಲಿನ ಪೆಟ್ಟಿಗೆ ತಂದು ತಂದೆಯ ಮುಂದಿಟ್ಟಳು. ಅವರ ಮನೆತನದಲ್ಲೊಂದು ಪದ್ಧತಿಯಿದೆ. ಯಾರೇ ಮೊದಲ ಸಲ ಹೊರಗಿನವರ ಮುಂದೆ ನುಡಿಸಲು ಹೊರಟರೂ, ಹುಟ್ಟಿದ ಮನೆಯ ಹಿರಿಯರು ಆ ವಾದ್ಯವನ್ನು ತಾವು ಒಮ್ಮೆ ಊದಿ, ಆಮೇಲೆ ಕೈಗೆ ಕೊಡಬೇಕು. ಬೀಗರಿಗೆ ಅವರಪ್ಪ ಊದಿ ಕೊಟ್ಟಿದ್ದರು. ಅವರು ತಮ್ಮ ಇಬ್ಬರು ಗಂಡುಮಕ್ಕಳಿಗೂ ಊದಿ ಕೊಟ್ಟಿದ್ದರು.

"ಅಪ್ಪಾ, ನೀನು ಊದಿ ಕೊಟ್ರೇನೇ ನಾನು ಹೋಗಾದು" ಎಂದಳು ಸೊಸೆ. "ಇಲ್ದಿದ್ರೆ ಪರೀಕ್ಷೆ ಬ್ಯಾಡ."

ಅವಳು ಹಟ ಮಾಡುವವಳಲ್ಲ. ಹೇಳಿದ್ದನ್ನು ಮಾಡುವವಳು. ಆದ್ದರಿಂದ ನನಗೆ ಗಾಬರಿಯಾಯಿತು.

"ನಮ್ಮನೇಲಿ ಹೆಣ್ಮಕ್ಳಿಗೆ ಯಾರೂ ಊದಿ ಕೊಟ್ಟಿಲ್ಲ ಕಣಮ್ಮಿ" ಎಂದು ಬೀಗರು ಮೆಲ್ಲಗೆ ಹೇಳಿ, ಚೀಲದಿಂದ ಒಂದು ಹಿಡಿ ಅವರೆಕಾಯಿ ತೆಗೆದು ಸುಲಿಯತೊಡಗಿದರು. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಸುಮ್ಮನೆ ಕೂರಲಾರದೆ ಆ ಫ್ರೆಂಚ್ ಹೆಂಗಸಿನ ವಿಷಯ ತೆಗೆದೆ.

ಆಕೆಗೆ ಮೊದಲ ಪಾಠ ಹೇಳಿದವಳು ತಾಯಿ. ಚಿಕ್ಕವಳಿದ್ದಾಗಲೇ ರಾಗ ಕಟ್ಟುತ್ತಿದ್ದಳು. ಪ್ಯಾರಿಸ್ಸಿನ ದೊಡ್ಡ ಸಂಗೀತ ಶಾಲೆಗೆ ಕಳಿಸಿ ಎಂದು ತಿಳಿದವರು ಹೇಳಿದರೂ ತಂದೆ ಒಪ್ಪಲಿಲ್ಲ. ಮರ್ಯಾದಸ್ಥರ ಮನೆಯ ಹುಡುಗಿಗೆ ಅದು ತಕ್ಕದ್ದಲ್ಲ ಎಂಬುದು ಆತನ ನಂಬಿಕೆ. ಕೊನೆಗೆ ಅದೇ ಶಾಲೆಯ ಮೇಷ್ಟರುಗಳ ಹತ್ತಿರ ಆಕೆ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು.

ಬೀಗರ ಕೈ ನಿಂತಿತು. "ಪಾಠ ಹೇಳಿಸ್ಕಂತಿದ್ದದ್ದು ಅವರಪ್ಪಂಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಗೊತ್ತಿದ್ದೂ ಸುಮ್ಕಿದ್ನಾ?"

"ಇದ್ದ."

"ಅಂಗಾದ್ರೆ ಆವಪ್ಪ ಬ್ಯಾಡ ಅಂದಿದ್ದು ಬಾಯಲ್ಲಿ ಮಾತ್ರ ಬುಡಿ."

"ನಿಮ್ಮಂಗೇ ಅನ್ನಿ" ಎಂದಳು ನನ್ನ ಹೆಂಡತಿ ಒಳಗಿನಿಂದ.

ನಾನು ಮುಂದುವರಿಸಿದೆ. ತಂದೆ ತೀರಿಕೊಂಡ ಮೇಲೆ ಆಕೆ ಸಂಗೀತದಿಂದಲೇ ಬದುಕಿದಳು. ಮನೆಗಳಲ್ಲಿ ಜನ ತಾವೇ ನುಡಿಸಿಕೊಳ್ಳಬಹುದಾದ ಪಿಯಾನೋ ತುಣುಕುಗಳು, ಹಾಡುಗಳು, ಬ್ಯಾಲೆ, ದೊಡ್ಡ ವಾದ್ಯಮೇಳಕ್ಕೆ ಕೃತಿಗಳು, ಎಲ್ಲವನ್ನೂ ಬರೆದಳು. ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗಿ ನುಡಿಸಿ ಬಂದಳು. ಅಲ್ಲಿನ ಹೆಂಗಸರು ಆಕೆಯ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡರು. ವಿಮರ್ಶಕರು ಮಾತ್ರ, ನವಿರಾಗಿ ಬರೆದರೆ ಹೆಂಗಸಿನ ಸಂಗೀತ ಎಂದರು, ಗಟ್ಟಿಯಾಗಿ ಬರೆದರೆ ಗಂಡಸಿನಂತೆ ಬರೆಯುತ್ತಾಳೆ ಎಂದರು. ಕೊನೆಗಾಲದಲ್ಲಿ ಕಾಲಿನ ಕಾಯಿಲೆಯಿಂದ ಮನೆ ಹಿಡಿದಳು, ಜನ ಮರೆತರು. ಇದಿಷ್ಟನ್ನೂ ಹೇಳಿ, ಮುಖ್ಯವಾದದ್ದನ್ನು ಕೊನೆಗೆ ಹೇಳಿದೆ. ಆಕೆಯ ಹೆಸರು ದೊಡ್ಡದಾದ ಕಾಲದಲ್ಲಿ, ತಂದೆ ಕಳಿಸದೆ ಹೋದ ಆ ಶಾಲೆಯೇ ತನ್ನ ಕೊಳಲಿನ ವಿದ್ಯಾರ್ಥಿಗಳ ಪರೀಕ್ಷೆಗೆ ಒಂದು ಕೃತಿ ಬರೆದುಕೊಡಿ ಎಂದು ಆಕೆಯನ್ನು ಕೇಳಿತು. ಆಕೆ ಬರೆದುಕೊಟ್ಟಳು. ಇವತ್ತು ನಿಮ್ಮ ಮಗಳು ನುಡಿಸುವುದು ಅದನ್ನೇ.

ಬೀಗರು ಸುಲಿದ ಕಾಳನ್ನು ತಟ್ಟೆಗೆ ಸುರಿದು, ಸೊಂಟದ ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ ಬಂದು, ಪೂರ್ವಕ್ಕೆ ತಿರುಗಿ ನಿಂತರು.

"ಕೊಡು ಇಲ್ಲಿ."

ಗಡಿಯಾರ ಏಳೂ ಮುಕ್ಕಾಲು ತೋರಿಸುತ್ತಿತ್ತು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಕೀಬೋರ್ಡನ್ನು ಚೀಲಕ್ಕೆ ಹಾಕತೊಡಗಿದೆ.

ಬೀಗರು ಕೊಳಲನ್ನು ನಾಗಸ್ವರದಂತೆ ನೆಲಕ್ಕೆ ಮುಖ ಮಾಡಿ ಹಿಡಿದರು. ಸೊಸೆ ಅದನ್ನು ಅಡ್ಡಕ್ಕೆ ತಿರುಗಿಸಿ ಅವರ ತುಟಿಗೆ ಇಟ್ಟಳು. ಅವರು ಎರಡೂ ಕೆನ್ನೆ ಉಬ್ಬಿಸಿ ಊದಿದರು. ಬರಿಯ ಗಾಳಿ ಹೊರಟಿತು. ಮತ್ತೆ ಊದಿದರು, ಕಣ್ಣು ಕೆಂಪಗಾದವು. ಇಡೀ ರಾತ್ರಿ ಮೆರವಣಿಗೆಯಲ್ಲಿ ನುಡಿಸಿ ಬೆಳಿಗ್ಗೆ ಹೊಲಕ್ಕೆ ಹೋಗುವ ಮನುಷ್ಯನಿಗೆ ಬೆರಳು ದಪ್ಪದ ಆ ಲೋಹದ ಕೊಳವೆಯಿಂದ ಒಂದು ಸ್ವರ ಹುಟ್ಟಿಸಲಾಗಲಿಲ್ಲ. ಸ್ವರ ಹುಟ್ಟದೆ ಊದಿದಂತಾಗುವುದಿಲ್ಲ, ಊದದೆ ಕೊಡುವಂತಿಲ್ಲ.

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಬೇಕಾದರೆ ನಾನು ಊದುತ್ತೇನೆ, ನೀವು ಇಸಕೊಂಡು ಕೊಡಿ ಎಂದೆ. ಬೀಗರು ತಲೆಯಲ್ಲಾಡಿಸಿದರು.

"ನೀವು ಊದಿದ್ರೆ ಅದು ನಿಮ್ಮನೇದಾಯ್ತದೆ ಬೀಗ್ರೆ. ಇವ್ಳು ಕೇಳ್ತಿರಾದು ತವರುಮನೇದು."

ಬಸ್ಸು ಹೋಯಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಹೆಂಡತಿ ನನ್ನ ಮೊಣಕೈ ಹಿಡಿದು, "ಇದು ನಿಮ್ ಪೆರೇಡಲ್ಲ, ಸುಮ್ಕಿರಿ" ಎಂದಳು.

ಸೊಸೆ ಕೊಳಲಿನ ಮೂರು ತುಂಡುಗಳನ್ನು ಬಿಚ್ಚಿ, ಊದುವ ತುಂಡನ್ನು ಮಾತ್ರ ತಂದೆಯ ಕೈಗಿತ್ತು, ಅವರನ್ನು ಜಗಲಿಯ ಕಟ್ಟೆಯ ಮೇಲೆ ಕೂರಿಸಿದಳು. ತಾನು ಎದುರಿಗೆ ನೆಲದ ಮೇಲೆ ಕೂತಳು.

"ಕೆನ್ನೆ ಬುಟ್ಬುಡಪ್ಪ. ಸೋಡಾ ಸೀಸೆ ಬಾಯಿಗೆ ಊದಲ್ವಾ, ಅಂಗೆ. ತೂತಿನೊಳಕ್ಕಲ್ಲ, ಅದರ ಮೇಲಾಸೆ."

"ಇಂಗಾ?"

"ಜೋರು ಬ್ಯಾಡ. ಬಿಸಿ ಕಾಫಿ ಆರಿಸ್ಕಂತೀಯಲ್ಲ, ಅಷ್ಟೇ."

ಅವಳಿಗೆ ಕಲಿಸುವಾಗ ನನಗೆ ಇಷ್ಟು ತಾಳ್ಮೆಯಿರಲಿಲ್ಲ. ನಾನು ತಾಳ ತಟ್ಟಿ ಕಲಿಸಿದವನು. ಅವಳು ತಂದೆಯ ಗಲ್ಲವನ್ನು ಎರಡು ಬೆರಳಿನಿಂದ ಸ್ವಲ್ಪ ಮೇಲಕ್ಕೆತ್ತಿದಳು, ಕೆಳತುಟಿಯನ್ನು ಒತ್ತಿ ಸರಿಮಾಡಿದಳು. ಅವರು ಅವಳು ಹೇಳಿದಂತೆ ಮಾಡಿದರು. ಅನೇಕ ಸಲ ಗಾಳಿಯೇ ಬಂತು. ಆಮೇಲೆ ದೂರದ ಹದ್ದಿನ ಕೂಗಿನಂಥ ಒಂದು ತೆಳು ಸ್ವರ ಹೊರಟು, ನಡುಗಿ, ಅಡಗಿತು.

"ಬಂತು" ಎಂದರು ಬೀಗರು.

"ಇನ್ನೊಂದ್ ಸಲ" ಎಂದಳು ಮಗಳು.

ಎರಡನೆಯ ಸಲ ಅದು ಚೆನ್ನಾಗಿಯೇ ನಿಂತಿತು. ಅವರು ಎದ್ದು, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ಅವಳು ಕಣ್ಣಿಗೊತ್ತಿಕೊಂಡು, ತಂದೆಯ ಕಾಲು ಮುಟ್ಟಿ, ಮೂರು ತುಂಡುಗಳನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

ಹೊಸೂರಿಗೆ ಹೊರಟಿದ್ದ ಸೊಪ್ಪಿನ ಜೀಪು ಸಿಕ್ಕಿತು. ಕೊತ್ತಂಬರಿ ಕಟ್ಟುಗಳ ನಡುವೆ ಸೊಸೆ, ಬೀಗರು, ನಾನು ಮೂವರೂ ತೂರಿಕೊಂಡು ಕೂತೆವು. ಬೀಜದಂಗಡಿಯ ಮಾತು ಬೀಗರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪರೀಕ್ಷೆ ನಡೆಯುವ ಸಂಗೀತ ಶಾಲೆಯನ್ನು ಹತ್ತೂವರೆಗೆ ಮುಟ್ಟಿದೆವು.

ಒಳಗೆ ಪರೀಕ್ಷಕರು, ಸೊಸೆ, ನಾನು ಮಾತ್ರ. ಬೀಗರು ಹೊರಗೆ ಬೆಂಚಿನ ಮೇಲೆ. ಅವಳ ಮೊದಲ ಸಾಲು ಸ್ವಲ್ಪ ಅವಸರವಾಯಿತು, ಎರಡನೆಯದರಿಂದ ತಹಬಂದಿಗೆ ಬಂದಳು. ನಡುವೆ ಕೊಳಲು ಒಂಟಿಯಾಗಿ ಹರಿಯುವ ಒಂದು ಭಾಗವಿದೆ. ಅಲ್ಲಿ ನನಗೆ ಕೆಲಸವಿಲ್ಲ. ಕೈ ಮಡಿಲಲ್ಲಿಟ್ಟು ಕೇಳಿದೆ. ಬ್ಯಾಂಡಿನಲ್ಲಿ ಅಷ್ಟು ಸಲ ಕೇಳಿದ್ದರೂ ಅದು ಇಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಪರೀಕ್ಷಕರು ತಲೆಯೆತ್ತಿ ಅವಳನ್ನು ನೋಡಿದರು, ಮತ್ತೆ ಬರೆದುಕೊಂಡರು. ಫಲಿತಾಂಶಕ್ಕೆ ಕೆಲವು ವಾರ ಕಾಯಬೇಕು.

ಬಾಗಿಲು ತೆರೆದಾಗ ಬೀಗರು ಬೆಂಚು ಬಿಟ್ಟು ಬಾಗಿಲಿಗೇ ಕಿವಿಗೊಟ್ಟು ನಿಂತಿದ್ದರು.

"ಶಂಕರಾಭರಣದಂಗೇ ಅದೆ" ಎಂದರು. "ಆದ್ರೆ ಮಧ್ಯ ಮಧ್ಯ ಪಕ್ಕದ ಮನೆಗೋಗಿ ಬತ್ತದೆ."

ಸೊಸೆ ನಕ್ಕುಬಿಟ್ಟಳು. ಅವಳು ಬೆಳಗಿನಿಂದ ನಕ್ಕಿದ್ದು ಅದೇ ಮೊದಲು. ಊಟ ಮಾಡಿ ಸಂಜೆಯ ಬಸ್ಸಿಗೆ ತಳಿಗೆ ಬಂದೆವು. ಬೀಗರು ಗುಮ್ಮಳಾಪುರಕ್ಕೆ ಹೋಗಲು ಅವಸರ ಮಾಡಲಿಲ್ಲ. ಬಾಗಿಲ ಹಿಂದೆ ಅರ್ಧವೇ ಕೇಳಿಸಿತು, ಪೂರ್ತಿ ಕೇಳಬೇಕು ಎಂದರು. ನಡುಮನೆಯಲ್ಲಿ ಮತ್ತೆ ಕೀಬೋರ್ಡು ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ನುಡಿಸಿದೆವು. ಒಂಟಿ ಕೊಳಲಿನ ಭಾಗವನ್ನು ಅವರು ಇನ್ನೊಮ್ಮೆ ಕೇಳಿದರು, ಆಮೇಲೆ ಮತ್ತೊಮ್ಮೆ. ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಹೆಂಡತಿ ಅವರ ಮನೆಗೆ ಫೋನು ಮಾಡಿ, ಅಣ್ಣ ಇವತ್ತು ಇಲ್ಲೇ ಉಳೀತಾರೆ ಎಂದು ತಿಳಿಸಿದಳು.

ನಾನು ಬೀಗರಿಗೆ ನಡುಮನೆಯಲ್ಲಿ ಚಾಪೆ ಹಾಸಿ, ದಿಂಬು ಕಂಬಳಿ ಇಟ್ಟು, ಮುಂಬಾಗಿಲಿಗೆ ಅಗಳಿ ಹಾಕಿದೆ.