ಶರಣಮ್ಮನ ದನಿ ಅಳಿಸಲು ಹೋದದ್ದು

ಆಳಂದದಿಂದ ಅಫಜಲಪುರದ ಬಸ್ಸು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ಬಂದು ಹೆಂಗಸರ ಉಚಿತ ಟಿಕೆಟ್ಟಿಗೆ ಆಧಾರ್ ಕೇಳಿದ. ಒಬ್ಬ ಹೆಣ್ಣುಮಗಳ ಖಾಸಗಿ ಮಾತನ್ನು ಕಾಪಾಡಲೆಂದು ಹೊರಟ ವಕೀಲೆ ನಾನು. ಮೊದಲು ಮಾಡಿದ ಕೆಲಸವೆಂದರೆ ನನ್ನ ಕಾರ್ಡನ್ನು ಇಡೀ ಬಸ್ಸಿಗೆ ಕಾಣುವಂತೆ ಎತ್ತಿ ಹಿಡಿದದ್ದು. ಪಕ್ಕದಲ್ಲಿ ಕೂತಾಕೆ ಅದನ್ನು ಸಾವಕಾಶವಾಗಿ ಓದಿ, "ನೀವು ನನಗಿಂತ ದೊಡ್ಡವ್ರಿದೀರಿ ನೋಡ್ರಿ. ಕೂದಲಿಗೆ ಏನ್ ಹಚ್ತೀರಿ?" ಎಂದಳು.

ನಾನು ಹುಟ್ಟಾ ಚಿಂತೆಯವಳು. ಚೀಲದಲ್ಲಿ ಕೊಡೆ ಇತ್ತು, ಮಳೆಗಾಲ ಮುಗಿದಿದ್ದರೂ. ವಾಂತಿ ಗುಳಿಗೆ ಇತ್ತು, ಈವರೆಗೆ ಬಸ್ಸಿನಲ್ಲಿ ಒಮ್ಮೆಯೂ ವಾಂತಿ ಮಾಡಿಕೊಳ್ಳದಿದ್ದರೂ. ಕೆಲವು ವರ್ಷದ ಹಿಂದೆ ಮೊಣಕಾಲು ನೋವಿನ ಬಗ್ಗೆ ಅಡುಗೆಮನೆಯಲ್ಲಿ ಮಾತಾಡಿದ ಮರುದಿನ ನನ್ನ ಫೋನು ಮೊಣಕಾಲಿನ ಎಣ್ಣೆ ತೋರಿಸಿತ್ತು. ಆ ಗಾಬರಿಯಲ್ಲೇ ಯುರೋಪಿನ ಮಾಹಿತಿ ಗೋಪ್ಯತೆ ಕಾನೂನಿನ ಬಗ್ಗೆ ಆನ್‌ಲೈನ್ ಕೋರ್ಸು ಮಾಡಿಬಿಟ್ಟೆ. ಆಳಂದ ಕೋರ್ಟಿನಲ್ಲಿ ಹೊಲದ ಪಾಲು, ಚೆಕ್ ಬೌನ್ಸು ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ. "ಯುರೋಪಿನವ್ರು ನಿನ್ನ ಹಂತೇಲಿ ವಕಾಲತ್ತು ಹಾಕ್ಸಾಕ ಬರ್ತಾರೇನು?" ಎಂದು ನಮ್ಮವರು ನಕ್ಕಿದ್ದರು.

ಯುರೋಪಿನವರು ಬರಲಿಲ್ಲ, ಗೊಬ್ಬೂರಿನ ಶರಣಮ್ಮ ಬಂದಳು. ಅಫಜಲಪುರದ ಒಂದು ಏಜೆನ್ಸಿ ಹಳ್ಳಿ ಹೆಂಗಸರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಯುರೋಪಿನ ಕಂಪನಿಯೊಂದಕ್ಕೆ ಕಳಿಸಿತ್ತು. ಅಲ್ಲಿ ಯಂತ್ರಕ್ಕೆ ನಮ್ಮ ಸೀಮೆಯ ಕನ್ನಡ ಕಲಿಸುತ್ತಾರಂತೆ. "ಮನಸ್ಸಿಗೆ ಬಂದದ್ದು ಮಾತಾಡ್ರಿ" ಅಂದಾಗ ಶರಣಮ್ಮ ಮಗಳು ರೇಣುಕಾಳ ಆಸ್ಪತ್ರೆಯ ವಿಷಯ ಮಾತಾಡಿಬಿಟ್ಟಿದ್ದಳು. ಏನು ವಿಷಯ ಅಂತ ನಾನೂ ಇಲ್ಲಿ ಬರೆದರೆ ಇಷ್ಟು ದೂರ ಹೋದದ್ದು ದಂಡ. ಅದನ್ನೇ ಏಜೆನ್ಸಿಯವರು "ಹಿಂಗ ಮಾತಾಡ್ಬೇಕು" ಅಂತ ಮಾದರಿಗಾಗಿ ಒಂದು ವಾಟ್ಸಾಪ್ ಗುಂಪಿಗೆ ಹಾಕಿದರು. ಜೇವರ್ಗಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ರೇಣುಕಾಳ ಕಿವಿಗೂ ಅದು ಬಿತ್ತು. ಅಂದಿನಿಂದ ಅವಳು ತಾಯಿಯ ಫೋನು ಎತ್ತಿಲ್ಲ, ಊರಿಗೂ ಬಂದಿಲ್ಲ.

ಕಂಪನಿ ಯುರೋಪಿನದಾದ್ದರಿಂದ ಅಲ್ಲಿಯ ಕಾನೂನು ಗೊಬ್ಬೂರಿನ ಹೆಂಗಸಿಗೂ ಅನ್ವಯಿಸುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಅದನ್ನು ವಾಪಸು ಪಡೆಯಬಹುದು, ಅಳಿಸಿರಿ ಅಂತ ಕೇಳಬಹುದು. ಶರಣಮ್ಮನ ದನಿಯಲ್ಲೇ ಕೋರಿಕೆ ಕಳಿಸಿದೆ. ಉತ್ತರ ಬಂತು, ಬಹಳ ಮರ್ಯಾದೆಯಿಂದ: ಒಪ್ಪಿಗೆ ಕೊಟ್ಟ ಶರಣಮ್ಮನ ದನಿಗೂ ಈ ದನಿಗೂ ಹೊಂದಾಣಿಕೆ ಇಲ್ಲ, ಒಬ್ಬರ ಮಾಹಿತಿಯನ್ನು ಇನ್ನೊಬ್ಬರ ಮಾತು ಕೇಳಿ ಅಳಿಸಲಾಗದು, ರೆಕಾರ್ಡುಗಳನ್ನು ಯಂತ್ರಕ್ಕೆ ಕೊಡುವ ದಿನ ಹತ್ತಿರವಿದೆ, ಬೇಗ ಗುರುತು ಸಾಬೀತು ಮಾಡಿರಿ. ಗೋಪ್ಯತೆಯ ಕಾನೂನು ಗೋಪ್ಯತೆಯ ಹೆಸರಿನಲ್ಲೇ ಬಾಗಿಲು ಹಾಕಿತ್ತು. ಅದಕ್ಕೇ ಈ ಪ್ರಯಾಣ.

ಅಫಜಲಪುರದಲ್ಲಿ ಇಳಿದು ಸುಸಲಾ, ಮಿರ್ಚಿ ತಿಂದೆ. ಒಪ್ಪಿಗೆಯನ್ನು ಹೇಗೆ ಪಡೆದಿದ್ದರೆಂದು ವಿಚಾರಿಸಲು ಹೋದರೆ, ಏಜೆನ್ಸಿ ಇದ್ದ ಮಳಿಗೆಯಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತಿದ್ದವು.

"ದನಿ ಆಫೀಸು ಬಂದಾಗಿ ಭಾಳ ದಿನ ಆತ್ರಿ ಮೇಡಮ್" ಎಂದ ಅಂಗಡಿಯವನು. "ಹೊಸ ಮಾಲು ಬಂದ್ರ ಮೆಸೇಜ್ ಹಾಕ್ತೇನಿ, ನಂಬರ್ ಹೇಳ್ರಿ."

ಹೇಳಿದೆ. ಹತ್ತು ಅಂಕಿಯನ್ನೂ, ತಪ್ಪಿಲ್ಲದೆ. ರಸ್ತೆಗೆ ಇಳಿದ ಮೇಲೆ ನೆನಪಾಯಿತು ನಾನು ಯಾರೆಂದು.

ಕಲಬುರಗಿ ಕಡೆ ಹೋಗುವ ಬಸ್ಸಿನಲ್ಲಿ ಗೊಬ್ಬೂರು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಶರಣಮ್ಮನ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ. ಆಕೆ ಬಡಿಸಿದಳೇ ಹೊರತು ತಾನು ಉಣ್ಣಲಿಲ್ಲ. ಗಂಡ ಹೊರಗೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಮಷೀನಿಗೆ ಹೋತಂದ್ರ ಮುಗೀತಲ್ರಿ?" ಎಂದಳು ಶರಣಮ್ಮ. "ನಾಳಿ ನನ್ನ ಮಗಳ ಮಾತು ಯಾವ ದೇಶದಾಗ ಯಾವ ಡಬ್ಬಿ ಆಡ್ತದೋ ಏನೋ. ಆಕಿ ನನ್ನ ಮಾರಿ ಹೆಂಗ ನೋಡ್ಬೇಕು?"

ಊಟ ಮುಗಿಸಿ ಫೋನು ತೆಗೆದೆ. ಮೊದಲು ಒಪ್ಪಿಗೆ ಕೊಟ್ಟ ವಾಕ್ಯದ ಮಾದರಿಯಲ್ಲೇ ಈಗಲೂ ಹೇಳಬೇಕಿತ್ತು: ನಾನು ಇಂಥವಳು, ಇಂಥವರ ಹೆಂಡತಿ, ನನ್ನ ಒಪ್ಪಿಗೆ ಹಿಂದಕ್ಕೆ ಪಡೆಯುತ್ತೇನೆ. ಮೊದಲ ಕೋರಿಕೆಯಲ್ಲಿ ನಾನು ಬರೀ ಹೆಸರು ಹೇಳಿಸಿ ಕಳಿಸಿದ್ದೆ.

"ನಾನು ಶರಣಮ್ಮ..." ಎಂದು ಶುರು ಮಾಡಿ ಆಕೆ ನಿಂತಳು. ಸೆರಗು ಬಾಯಿಗೆ ಬಂತು. ಅಲ್ಲೇ ಕೂತಿದ್ದ ಪಕ್ಕದ ಮನೆಯ ಕಮಲಾಬಾಯಿ ತಡಮಾಡದೆ, "ಹಣಮಂತ್ರಾಯನ ಹೇಣ್ತಿ" ಎಂದು ವಾಕ್ಯ ಪೂರೈಸಿದಳು, ಜಾರಿದ ಕೊಡ ಹಿಡಿದಷ್ಟು ಸಹಜವಾಗಿ.

ನನ್ನ ತಲೆಯಲ್ಲಿ ಏನೋ ಹೊಳೆಯಿತು. "ಕಮಲಾಬಾಯಿ, ಆವಾಗ ಒಪ್ಪಿಗಿ ಹೇಳಿದವ್ರು ಯಾರು?"

"ಆಕಿಂದು ನಾ ಹೇಳಿದ್ನಿರಿ. ನಂದು ಆಕಿ ಹೇಳಿದ್ಳು" ಎಂದಳು ಕಮಲಾಬಾಯಿ. "ಗಂಡನ ಹೆಸರು ನಮ್ಮ ಬಾಯಲಿಂದ ಹೆಂಗ ಹೇಳೂದ್ರಿ? ಅದಕ್ಕ ಅದ್ಲಿಬದ್ಲಿ ಮಾಡ್ಕೊಂಡಿವಿ."

ಯುರೋಪಿನ ಕಂಪ್ಯೂಟರಿನಲ್ಲಿ ಶರಣಮ್ಮ ಎಂದರೆ ಕಮಲಾಬಾಯಿಯ ದನಿ, ಕಮಲಾಬಾಯಿ ಎಂದರೆ ಶರಣಮ್ಮನ ದನಿ! ಅಲ್ಲಿಯವರು ಇಪ್ಪತ್ತು ಬಗೆಯ ಮೋಸಕ್ಕೆ ಬೀಗ ಮಾಡಿಟ್ಟಿದ್ದರು. ನೆರೆಹೊರೆಯ ಈ ಉಪಕಾರ ಅವರ ಲೆಕ್ಕದಲ್ಲೇ ಇರಲಿಲ್ಲ.

"ಈಗ ನೀನೇ ಹೇಳಬೇಕು ಶರಣಮ್ಮ, ನಿನ್ನ ದನಿಯಿಂದಲೇ" ಎಂದೆ.

"ಬ್ಯಾಡ್ರಿ ಅಕ್ಕಾರ. ಅವ್ರು ಹೊರಗ ಕುಂತಾರ."

"ಒಡಪಿನ್ಯಾಗ ಹೇಳ್ ಬೇ" ಎಂದು ಕಮಲಾಬಾಯಿ ಮೊಣಕೈಯಿಂದ ತಿವಿದಳು. "ಒಡಪಿನ್ಯಾಗ ಹೇಳಿದ್ರ ಏನೂ ಆಗೂದಿಲ್ಲ. ಮದಿವ್ಯಾಗ ಹೇಳಿದ್ದಿಲ್ಲೇನು?"

ನಮ್ಮ ಕಡೆ ಮದುವೆಯಲ್ಲಿ ಹೆಂಡತಿ ಪ್ರಾಸದ ಎರಡು ಸಾಲಿನಲ್ಲಿ ಗಂಡನ ಹೆಸರನ್ನು ಅಡಗಿಸಿ ಹೇಳುತ್ತಾಳೆ. ಮರ್ಯಾದೆಗೆ ಧಕ್ಕೆ ಇಲ್ಲ, ಹೆಸರೂ ಹೇಳಿದಂತಾಯಿತು. ಅದೇ ಒಡಪು.

"ಮೊದಲ ವಕೀಲ್ರು ಹೇಳ್ಲಿ, ಆಮ್ಯಾಲ ನಾ" ಎಂದು ಶರಣಮ್ಮ ತಪ್ಪಿಸಿಕೊಳ್ಳಲು ನೋಡಿದಳು. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಮದುವೆಯಲ್ಲಿ ಹೇಳಿದ ಒಡಪು ಬೆಳ್ಳಿ ಬಟ್ಟಲಿನಿಂದ ಶುರುವಾಗುತ್ತಿತ್ತು, ಅಷ್ಟೇ ನೆನಪು. ಬಟ್ಟಲು ಬಟ್ಟಲು ಎಂದು ತಡವರಿಸಿ, ಕೊನೆಗೆ ಕೋರ್ಟಿನಲ್ಲಿ ಹೇಳುವ ಹಾಗೆ ಗಂಡನ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ ಹೇಳಿಬಿಟ್ಟೆ.

"ವಾರಂಟ್ ತಂದಾಂಗ ಆತು" ಎಂದಳು ಕಮಲಾಬಾಯಿ. ಅಷ್ಟರಲ್ಲಿ ಶರಣಮ್ಮನೂ ನಕ್ಕಳು. ನಗು ಇಳಿದ ಮೇಲೆ ಸೆರಗು ಸರಿ ಮಾಡಿಕೊಂಡು, ಫೋನಿನ ಹತ್ತಿರ ಬಗ್ಗಿ, ಗಟ್ಟಿಯಾಗಿಯೇ ಹೇಳಿದಳು:

"ತೊಗರಿ ಹೊಲದಾಗ ಹಳದಿ ಹೂವ, ಹೂವಿನ ಮ್ಯಾಲ ಹನಿ,
ಹಣಮಂತ್ರಾಯರ ಹೇಣ್ತಿ ಶರಣಮ್ಮ ನಾ, ಇದು ನನ್ನ ದನಿ.
ನಾ ಕೊಟ್ಟ ಒಪ್ಪಿಗಿ ವಾಪಸ್ ತಗೊಂಡೇನಿ. ನನ್ನ ಮಗಳ ಮಾತು ಅಳಸ್ರಿ."

"ಯಾರ್ ಕರದ್ರು?" ಎಂದು ಹೊರಗಿನಿಂದ ಹಣಮಂತ್ರಾಯನ ದನಿ ಬಂತು.

ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆತ ಬಾಗಿಲಿಗೆ ಬಂದು ಒಂದು ಕ್ಷಣ ನಿಂತು, ಕಿವಿಯವರೆಗೂ ಕೆಂಪಾಗಿ, ಎಮ್ಮೆಗೆ ನೀರು ಕುಡಿಸುವುದಿದೆ ಎಂದು ಹೋಗಿಬಿಟ್ಟ. ಎಮ್ಮೆ ಆಗಲೇ ನೀರು ಕುಡಿದು ಮಲಗಿತ್ತು.

ಕಮಲಾಬಾಯಿಯೂ ತನ್ನ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿದಳು, ಗುರುತು ಸರಿಯಾಗಲೆಂದು. "ನಿನ್ನ ಮಾತೂ ಅಳಿಸೂದಾ?" ಎಂದು ಕೇಳಿದೆ. "ಇರಲಿ ಬಿಡ್ರಿ. ನಾ ಬದನಿಕಾಯಿ ಎಣ್ಣಿಗಾಯಿ ಮಾಡೂದು ಹೇಳೇನಿ. ಕಲೀಲಿ ಮಷೀನೂ ಅಡಗಿ" ಎಂದಳು. ಅದೂ ಆಕೆಯ ಹಕ್ಕೇ.

ಎರಡೂ ರೆಕಾರ್ಡುಗಳ ಜೊತೆ ಇಂಗ್ಲಿಷಿನಲ್ಲಿ ಒಂದು ವಿವರಣೆ ಬರೆದೆ. ಒಡಪು ಎಂದರೇನು ಅಂತ ತಿಳಿಸಲು ಕಾನೂನಿನ ಕಲಮುಗಳಿಗಿಂತ ಹೆಚ್ಚು ಜಾಗ ಬೇಕಾಯಿತು. ಕಳಿಸಿದ ಮೇಲೆ ಶುರುವಾಯಿತು ನನ್ನ ಚಿಂತೆ. ಕಾನೂನಿನ ಕೋರಿಕೆ ಕೇಳಿದರೆ ಪದ್ಯ ಕಳಿಸಿದ್ದಾಳೆ ಅಂತ ತಿಳಿದರೆ? ಒಡಪಿನ ತೊಗರಿ ಹೊಲವನ್ನು ಯಾವುದೋ ಆಸ್ತಿ ಅಂದುಕೊಂಡರೆ? ಆ ದಿನ ಗೊಬ್ಬೂರಿನಲ್ಲೇ ಉಳಿದೆ. ಶರಣಮ್ಮ ಹೊದಿಯಲು ಕೌದಿ ಕೊಟ್ಟಳು. ಚಿಂತೆ ಮಾಡುವವರಿಗೆ ಭಾರದ ಕೌದಿಯಷ್ಟು ಒಳ್ಳೆಯದು ಯಾವುದೂ ಇಲ್ಲ.

ಮರುದಿನ ಕಲಬುರಗಿಗೆ ಬಂದು ಜೇವರ್ಗಿಯ ಬಸ್ಸು ಹಿಡಿದೆ. ಇದು ಕೋರ್ಟಿನ ಕೆಲಸವಲ್ಲ. "ಒಮ್ಮಿ ಆಕಿನ ಕಂಡು ಹೇಳ್ರಿ, ಅವ್ವ ಹಿಂಗ ಮಾಡ್ಯಾಳ ಅಂತ" ಎಂದು ಶರಣಮ್ಮ ಬಸ್ಸಿನ ತನಕ ಬಂದು ಕಳಿಸಿದ್ದಳು. ಯುರೋಪಿನಲ್ಲಿ ಕಚೇರಿ ತೆರೆಯುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನದ ಊಟ ಆಗಿರುತ್ತದೆ. ಆದ್ದರಿಂದ ಬೆಳಿಗ್ಗೆಯಿಂದ ಫೋನು ನೋಡಿದ್ದೆಲ್ಲ ವ್ಯರ್ಥ ಎಂದು ಗೊತ್ತಿದ್ದೂ ನೋಡುತ್ತಲೇ ಇದ್ದೆ. ಭೀಮೆಯ ಸೇತುವೆ ದಾಟುವಾಗ ಬಸ್ಸೆಲ್ಲ ಕಿಟಕಿಯ ಕಡೆ ತಿರುಗಿತು, ಹೊಳೆಯಲ್ಲಿ ನೀರು ಚೆನ್ನಾಗಿತ್ತು. ನಾನು ಆಗಲೂ ಫೋನು ನೋಡುತ್ತಿದ್ದೆ.

ಪತ್ರ ಬಂದದ್ದು ಜೇವರ್ಗಿ ನಿಲ್ದಾಣದ ಹೋಟೆಲಿನಲ್ಲಿ, ಚಹಾದ ಕಪ್ಪು ಕೈಯಲ್ಲಿದ್ದಾಗ. ಇಬ್ಬರ ಗುರುತೂ ಸರಿಪಡಿಸಲಾಗಿದೆ. ಶರಣಮ್ಮನವರ ರೆಕಾರ್ಡು ಅಳಿಸಲಾಗಿದೆ, ಅದು ಯಂತ್ರದ ಕಲಿಕೆಗೆ ಹೋಗಿರಲಿಲ್ಲ. ಗುಂಪಿಗೆ ಹಾಕಿದ್ದನ್ನು ತೆಗೆಯಲು ಏಜೆನ್ಸಿಗೆ ಬರೆದಿದ್ದೇವೆ. ಕೊನೆಗೆ ಅಲ್ಲಿಯ ಅಧಿಕಾರಿ ಇನ್ನೊಂದು ಸಾಲು ಸೇರಿಸಿದ್ದಳು: ಒಪ್ಪಿಗೆ ಪಡೆಯಲು ಗಂಡನ ಹೆಸರು ಬೇಕಿರಲಿಲ್ಲ, ಬೇಕಿಲ್ಲದ್ದನ್ನು ಕೇಳುವುದನ್ನು ನಮ್ಮ ಕಾನೂನೇ ಒಪ್ಪುವುದಿಲ್ಲ, ಇನ್ನು ಮುಂದೆ ಯಾರನ್ನೂ ಕೇಳುವುದಿಲ್ಲ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಚಹಾ ಆರಿಹೋಯಿತು.

ಔಷಧಿ ಅಂಗಡಿಯಲ್ಲಿ ರೇಣುಕಾ ಗಿರಾಕಿಯೊಬ್ಬನಿಗೆ ಗುಳಿಗೆ ಕಟ್ಟುತ್ತಿದ್ದಳು. ನಾನು ಯಾರೆಂದು ಹೇಳಿದಾಗ ಮುಖ ಬಿಗಿಯಾಯಿತು. ಗಿರಾಕಿ ಹೋಗುವವರೆಗೆ ಕಾದು ದನಿ ತಗ್ಗಿಸಿ ಅಂದಳು: "ನಾ ದಿನಾ ಎಷ್ಟು ಮಂದಿ ಚೀಟಿ ನೋಡ್ತೇನಿ. ಯಾರ ಮಾತರೆ ಯಾರ ಮುಂದರೆ ಆಡೇನೇನ್ರಿ? ಅವ್ವಗ ನನ್ನ ಮಾತೇ ಸಿಕ್ತೇನು?"

ಪತ್ರ ತೋರಿಸಿ ಅರ್ಥ ಹೇಳಿದೆ.

"ಮಂದಿ ಫೋನಿನ್ಯಾಗ ಉಳದದ್ದು?"

"ಅದು ನನ್ನ ಕೈಯಾಗಿಲ್ಲ ರೇಣುಕಾ. ಆದರೆ ಮಷೀನಿಗೆ ಹೋಗಲಿಲ್ಲ. ನಿಮ್ಮವ್ವ ತಡೆದಳು. ನಿಮ್ಮಪ್ಪನ ಹೆಸರು ಹೇಳಿ ತಡೆದಳು."

ಅವಳು ತಲೆ ಎತ್ತಿದಳು. "ಅವ್ವ? ಅಪ್ಪನ ಹೆಸರು? ಸುಳ್ಳು ಹೇಳಬ್ಯಾಡ್ರಿ. ರೇಶನ್ ಅಂಗಡ್ಯಾಗ ಹೆಸರು ಕೇಳಿದ್ರ ನನ್ನ ಮುಂದ ಮಾಡ್ತಿದ್ಳು ಆಕಿ."

ನಿಮ್ಮಪ್ಪ ಬಾಗಿಲಿಗೆ ಬಂದು ನಿಂತದ್ದನ್ನೂ ಎಮ್ಮೆಯ ಕಥೆಯನ್ನೂ ಹೇಳಿದೆ. ರೇಣುಕಾ ನಗಬಾರದೆಂದು ತುಟಿ ಕಚ್ಚಿ ಹಿಡಿದಳು, ಆಗಲಿಲ್ಲ. ಕಣ್ಣು ಒರೆಸಿಕೊಂಡು ಫೋನು ತೆಗೆದು ಗಲ್ಲೆಯ ಮೇಲಿಟ್ಟು, ಸ್ಪೀಕರ್ ಹಾಕಿ, ಊರಿಗೆ ಹಚ್ಚಿದಳು. ಒಂದೇ ರಿಂಗು.

"ರೇಣೂ? ಉಂಡೀ ಏನ್ ಬೇ?"

ರೇಣುಕಾ ಸ್ಪೀಕರ್ ತೆಗೆದಳು. ಫೋನನ್ನು ಕಿವಿಗೊತ್ತಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಔಷಧಿ ಕಪಾಟುಗಳ ಹಿಂದೆ ಹೋದಳು. ಆಮೇಲೆ ತಾಯಿ ಮಗಳು ಏನು ಮಾತಾಡಿದರು ಅಂತ ನನಗೆ ಗೊತ್ತಿಲ್ಲ. ನಾನು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.