ಕೆಂಪಕ್ಷರವಿಲ್ಲದ ಡಬ್ಬ

ಸೀಮೆಎಣ್ಣೆಯ ವಾಸನೆ ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೀಗೆಪುಡಿಗೂ ಬಗ್ಗುವುದಿಲ್ಲ, ಹುಣಸೆಹಣ್ಣಿಗೂ ಬಗ್ಗುವುದಿಲ್ಲ. ಉಜ್ಜಿ ಉಜ್ಜಿ ತೊಳೆದು ಊಟಕ್ಕೆ ಕೂತವನ ಕೈ ಮುದ್ದೆಯ ತುತ್ತಿನೊಡನೆ ಬಾಯಿಯ ಹತ್ತಿರ ಬಂದಾಗ ಅದು ತಾನಿನ್ನೂ ಹೋಗಿಲ್ಲವೆಂದು ತಣ್ಣಗೆ ನೆನಪಿಸುತ್ತದೆ. ಐವತ್ತರ ದಶಕದ ನಡುವಿನ ಕೆಲವು ವರ್ಷ ನಾನು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರನಾಗಿದ್ದೆ. ಚೀಟಿ ಹರಿಯುವುದು, ಸೀಟಿ ಊದುವುದು ಎಲ್ಲ ಕಂಡಕ್ಟರರೂ ಮಾಡುವ ಕೆಲಸ. ನನಗೆ ಅದರ ಜೊತೆಗೆ ಇನ್ನೊಂದು ಉದ್ಯೋಗವಿತ್ತು. ಬಸ್ಸು ಹತ್ತುವವರ ಚೀಲ, ಬುಟ್ಟಿ, ತಂಬಿಗೆಗಳನ್ನು ಮೂಸಿ ನೋಡಿ ಎಣ್ಣೆ ಹಿಡಿಯುವುದು. ಇದರಿಂದಾಗಿ ಜನ ನನಗೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಬಿಟ್ಟು 'ಮೂಗಪ್ಪ' ಎಂದು ಕರೆಯತೊಡಗಿದ್ದರು. ಮೊದಮೊದಲು ಮೂಗಿನ ತುದಿಯಲ್ಲೇ ಕೋಪ ಬರುತ್ತಿತ್ತು, ಆಮೇಲೆ ಅದೂ ಅಭ್ಯಾಸವಾಯಿತು.

ಡ್ರೈವರನ ತಲೆಯ ಹಿಂದೆ ಒಂದು ತಗಡಿನ ಹಲಗೆಯಲ್ಲಿ ನಿಯಮ ಬರೆದಿತ್ತು. ಪೆಟ್ರೋಲನ್ನು ಬಸ್ಸಿನಲ್ಲಿ ಒಯ್ಯಲೇಕೂಡದು. ಸೀಮೆಎಣ್ಣೆಯಾದರೆ ಬೆಸುಗೆ ಹಾಕಿದ ತಗಡಿನ ಡಬ್ಬದಲ್ಲಿರಬೇಕು, ಡಬ್ಬಕ್ಕೆ ತಿರುಪಿನ ಮುಚ್ಚಳವಿರಬೇಕು, ಮೈಮೇಲೆ ಕೆಂಪಕ್ಷರದಲ್ಲಿ ಎಣ್ಣೆಯ ಹೆಸರಿರಬೇಕು, ಮತ್ತು ಅದನ್ನು ಬಸ್ಸಿನ ನೆತ್ತಿಯ ಮೇಲೆ ಕಟ್ಟಬೇಕು. ಬರೆದವರು ತಿಳಿದವರೇ ಇರಬೇಕು, ಆದರೆ ಗುಂಡ್ಲುಪೇಟೆಯ ಸಂತೆಯನ್ನು ಕಂಡವರಲ್ಲ. ಇಡೀ ಸಂತೆಯಲ್ಲಿ ತಿರುಪಿನ ಮುಚ್ಚಳದ ಡಬ್ಬವೆಂಬುದು ಸಿಗುತ್ತಿರಲಿಲ್ಲ. ಜನ ಹಳೆಯ ಬೆಲ್ಲದ ಡಬ್ಬಕ್ಕೆ ಜೋಳದ ಬೆಂಡು ತುರುಕಿ ತರುತ್ತಿದ್ದರು, ಹಿತ್ತಾಳೆ ತಂಬಿಗೆಗೆ ಬಾಳೆಎಲೆ ಕಟ್ಟಿ ತರುತ್ತಿದ್ದರು, ಹಿಡಿದರೆ 'ಹರಳೆಣ್ಣೆ ಕಣಪ್ಪ, ತಲೆಗೆ' ಎಂದು ದೇವರಾಣೆ ಇಡುತ್ತಿದ್ದರು. ಹಳ್ಳಿಯಲ್ಲಿ ದೀಪ ಉರಿಯಬೇಕಾದರೆ ಎಣ್ಣೆ ಬಸ್ಸಿನಲ್ಲೇ ಬರಬೇಕು. ಬಸ್ಸಿನಲ್ಲಿ ಎಣ್ಣೆ ಬಂದರೆ ನನ್ನ ಕೆಲಸ ಹೋಗಬೇಕು. ಈ ಎರಡರ ನಡುವೆ ಸಿಕ್ಕಿಕೊಂಡ ನಾನು ಆ ಹಲಗೆಯನ್ನು ದಿನಕ್ಕೆ ಹತ್ತು ಸಲ ಶಪಿಸುತ್ತಿದ್ದೆ. ನಿಯಮ ಅನ್ನುವುದು ಬಡವನ ಡಬ್ಬಕ್ಕೆ ಮಾತ್ರ ಮುಚ್ಚಳ ಹುಡುಕುತ್ತದೆ ಎಂದು ನಾನೇ ಚಹಾದಂಗಡಿಯಲ್ಲಿ ಭಾಷಣ ಬಿಗಿದದ್ದೂ ಉಂಟು. ಈಗ ಆ ಭಾಷಣ ನೆನೆದರೆ ಕಿವಿ ಬಿಸಿಯಾಗುತ್ತದೆ.

ಒಂದು ಬೇಸಗೆಯ ದಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬಸ್ಸಿನೊಳಗೆ ಮೂರು ತಂಬಿಗೆ ಎಣ್ಣೆ ಹಿಡಿದು, ಪ್ರಯಾಣಿಕರೆಲ್ಲರ ಎದುರಿಗೆ ನನ್ನನ್ನು ಬೈದರು. ಅದಾದ ನಾಲ್ಕನೆಯ ದಿನ ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಬಸ್ಸು ಹತ್ತಲು ರಾಚಮ್ಮ ಬಂದಳು.

ರಾಚಮ್ಮ ಗುಂಡ್ಲುಪೇಟೆಯ ಹೊರಗಿನ ಕೇರಿಯಲ್ಲಿ ಹುಟ್ಟಿ, ಮೈಸೂರಿಗೆ ಹೋಗಿ ಸೂಲಗಿತ್ತಿಯ ಕೆಲಸವನ್ನು ಕ್ರಮವಾಗಿ ಕಲಿತು, ಸರ್ಕಾರಿ ಸೂಲಗಿತ್ತಿಯಾಗಿ ಬಂದವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಬಿಳಿಯ ಸೀರೆ, ಕೈಯಲ್ಲಿ ಚರ್ಮದ ಪೆಟ್ಟಿಗೆ, ಬೇಗ ಬೇಗ ಹಾಕುವ ಹೆಜ್ಜೆ. ಅವಳು ಬಂದು ಕೂತರೆ ಪಕ್ಕದ ಕೆಲವರು ಸೆರಗು ಸರಿಸಿಕೊಂಡು ಆಚೆ ಕೂರುತ್ತಿದ್ದರು. ಹೆರಿಗೆಯ ಹೊತ್ತಿಗೆ ಅದೇ ಮನೆಗಳಿಂದ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಆ ಮಧ್ಯಾಹ್ನ ಅವಳ ಇನ್ನೊಂದು ಕೈಯಲ್ಲಿ ಒಂದು ಸಣ್ಣ ಡಬ್ಬವಿತ್ತು. ನಂಬುತ್ತೀರೋ ಇಲ್ಲವೋ, ಆ ವರ್ಷವಿಡೀ ನಾನು ಕಂಡ ಒಂದೇ ಒಂದು ಸರಿಯಾದ ಡಬ್ಬ ಅದು. ಬೆಸುಗೆ ಗಟ್ಟಿ, ಮುಚ್ಚಳಕ್ಕೆ ತಿರುಪು, ತಲೆಕೆಳಗೆ ಮಾಡಿದರೂ ಹನಿ ಬೀಳದು. ಮೈಸೂರಿನಲ್ಲಿ ಹೇಳಿ ಮಾಡಿಸಿದ್ದಂತೆ. ಇಲ್ಲದ್ದು ಒಂದೇ, ಕೆಂಪಕ್ಷರ.

"ತೆರಕಣಾಂಬಿಯಿಂದಾಚೆ ಓಗ್ಬೇಕು ಕಣಪ್ಪ, ಚೊಚ್ಚಲು ಎರಿಗೆ. ಆ ಮನೇಲಿ ದೀಪಕ್ಕೂ ಎಣ್ಣೆ ಇಲ್ವಂತೆ, ಸ್ಟವ್ ಅಚ್ಚಿ ಕತ್ತರಿ ಕುದಿಸ್ಬೇಕು. ಮ್ಯಾಕ್ಕೆ ಕಟ್ಬುಡಿ," ಎಂದಳು.

"ಬರೆದಿಲ್ಲವಲ್ಲ," ಎಂದೆ ನಾನು.

"ಏನು ಬರೆದಿಲ್ಲ?"

"ಕೆಂಪು ಬಣ್ಣದಲ್ಲಿ, ಸೀಮೆಎಣ್ಣೆ ಅಂತ."

ಅವಳು ಡಬ್ಬವನ್ನೂ ನನ್ನನ್ನೂ ಒಮ್ಮೆ ನೋಡಿದಳು. "ನಿಮ್ಗೆ ಓದಕ್ಕೆ ಬತ್ತದೆ, ನಂಗೂ ಬತ್ತದೆ, ಒಳಗೇನದೆ ಅಂತ ಇಬ್ರಿಗೂ ಗೊತ್ತು. ಇನ್ಯಾರು ಓದ್ಬೇಕು?" ಎಂದಳು. ಬಸ್ಸಿನಲ್ಲಿದ್ದವರು ನಕ್ಕರು. ಆ ನಗೆ ನನಗೆ ತಾಗಿತು. ನಾಲ್ಕು ದಿನದ ಹಿಂದೆ ಬೈಸಿಕೊಂಡ ಅವಮಾನವನ್ನು ಯಾರ ಮೇಲಾದರೂ ಇಳಿಸಬೇಕಾಗಿತ್ತೋ ಏನೋ, "ಇಳಿಯಮ್ಮ, ಕಾನೂನು ಅಂದರೆ ಕಾನೂನು," ಎಂದು ಸೀಟಿ ಕೈಗೆತ್ತಿಕೊಂಡೆ. ಡಬ್ಬ ಬಿಟ್ಟು ಹತ್ತುವುದಾದರೆ ಹತ್ತು ಎಂದೆ. ಅವಳು ಇಳಿದು, ರಸ್ತೆಯ ಅಂಚಿನಲ್ಲಿ ಗಾಡಿ ಏನಾದರೂ ಬಂದೀತೇ ಎಂದು ನೋಡುತ್ತ ನಿಂತಳು.

ಇಲ್ಲಿಗೆ ನಿಂತಿದ್ದರೆ ನಾನು ಬರಿಯ ಒರಟ, ಅಷ್ಟೆ. ಆದರೆ ಅದೇ ಹೊತ್ತಿನಲ್ಲಿ, ಮುಂದಿನ ಸೀಟಿನ ಕೆಳಗೆ, ಗೋಣಿಚೀಲ ಹೊದೆಸಿದ ಇನ್ನೊಂದು ಡಬ್ಬವಿತ್ತು. ಅದರಲ್ಲಿದ್ದದ್ದು ಸೀಮೆಎಣ್ಣೆಯೂ ಅಲ್ಲ, ಪೆಟ್ರೋಲು. ಬಾಯಿಗೆ ಚಿಂದಿ ತುರುಕಿತ್ತು. ಅದು ಗುರುಮಲ್ಲಪ್ಪನವರದು. ಅವರು ದಾರಿಯ ಒಂದು ಹಳ್ಳಿಯ ದೊಡ್ಡ ಜಮೀನುದಾರರು, ಹಣೆಗೆ ಅಚ್ಚುಕಟ್ಟಾದ ವಿಭೂತಿ, ಮೆಲುಮಾತು. ತೋಟದ ಬಾವಿಗೆ ಹೊಸದಾಗಿ ಎಂಜಿನ್ನು ಇರಿಸಿದ್ದರು. ಅದು ಪೆಟ್ರೋಲು ಕುಡಿಯದೆ ಏಳುತ್ತಿರಲಿಲ್ಲ. ಬಸ್ಸಿನ ಮಾಲೀಕರಿಗೆ ಹೇಳಿ ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಅವರು ನನ್ನನ್ನು ಬೇಡಲಿಲ್ಲ, ಗದರಲಿಲ್ಲ. "ಒಂಚೂರು ನೋಡ್ಕೊಳಪ್ಪ," ಎಂದು ಡಬ್ಬವನ್ನು ಕಾಲಿನಿಂದ ಒಳಕ್ಕೆ ಸರಿಸಿ ಕೂತರು. ನನ್ನ ಪ್ರಖ್ಯಾತ ಮೂಗು ಆ ಗಳಿಗೆಯಲ್ಲಿ ಏನನ್ನೂ ಮೂಸಲಿಲ್ಲ. ವಯನಾಡಿನ ಕಡೆಯವನಾದ ಡ್ರೈವರ್ ಕುಟ್ಟನ್ ಮಾತ್ರ ತಿರುಗಿ ನೋಡಿ, ಮಗನೇ ಎನ್ನುವ ತನ್ನ ಮಲಯಾಳದ ಮಾತಿನಲ್ಲಿ, "ಅದು ಬೇಡ ಮೋನೇ, ಬಿಸಿಲು ನೋಡು," ಎಂದ. ನಾನು ಸೀಟಿ ಊದಿದೆ.

ಗುಂಡ್ಲುಪೇಟೆ ಬಿಟ್ಟು ಒಂದು ಮೈಲಿ ಹೋಗುವಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಡಬ್ಬ ಮಗುಚಿತು. ಪೆಟ್ರೋಲು ನೆಲದ ಹಲಗೆಯ ಮೇಲೆ ಹರಿದದ್ದು ಕಣ್ಣಿಗೆ ಕಾಣುವ ಮೊದಲೇ ಕಣ್ಣು ಉರಿಯಿತು. ಯಾರ ಬೀಡಿಯೋ, ಯಾವ ಕಿಡಿಯೋ, ಇಂದಿಗೂ ಗೊತ್ತಿಲ್ಲ. 'ಬುಸ್' ಎಂಬ ಒಂದು ಸದ್ದು, ಮುಂದಿನ ಸೀಟುಗಳ ಕೆಳಗೆ ನೀಲಿಯಾಗಿ ಓಡಿದ ಜ್ವಾಲೆ. ನಾನು ಹಿಂದಿನ ಬಾಗಿಲಲ್ಲಿದ್ದೆ. ಮೊದಲು ಹಾರಿದವನು ನಾನೇ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು, ಗುರುಮಲ್ಲಪ್ಪನವರೂ ಪಂಚೆಯ ಅಂಚು ಸುಟ್ಟುಕೊಂಡು ಇಳಿದರು. ಕುಟ್ಟನ್ ಇಳಿಯಲಿಲ್ಲ. ರಸ್ತೆಯ ಎಡಕ್ಕೆ ಇಳಿಜಾರು. ಅವನು ಕೈ ಸುಡುತ್ತಿದ್ದರೂ ಸ್ಟಿಯರಿಂಗ್ ಬಿಡದೆ ಬಸ್ಸು ಅತ್ತ ಜಾರದಂತೆ ಹಿಡಿದು ನಿಲ್ಲಿಸಿ, ಕೊನೆಯ ಮುದುಕಿ ಇಳಿದ ಮೇಲೆ ಉರುಳಿಕೊಂಡು ಆಚೆ ಬಂದ. ಬಸ್ಸು ನಮ್ಮ ಕಣ್ಣೆದುರಿಗೆ ಒಲೆಯಂತೆ ಉರಿಯಿತು.

ನಾವು ಏನು ಮಾಡಬೇಕೆಂದು ತಿಳಿಯದೆ ಅವನ ಕೈಗಳಿಗೆ ಮಣ್ಣು ಮೆತ್ತಲು ಹೊರಟಿದ್ದಾಗ ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತು. ಅದರಲ್ಲಿ ರಾಚಮ್ಮ ಇದ್ದಳು. "ಮಣ್ಣು ಮುಟ್ಟಬ್ಯಾಡಿ!" ಎಂದು ದೂರದಿಂದಲೇ ಕೂಗಿ, ಗಾಡಿ ನಿಲ್ಲುವ ಮುಂಚೆ ಇಳಿದಳು. ಪೆಟ್ಟಿಗೆ ತೆರೆದು, ಬಾಣಂತಿಗೆಂದು ತಂದಿದ್ದ ಕುದಿಸಿದ ಬಟ್ಟೆಗಳನ್ನೆಲ್ಲ ಅವನ ಕೈಗೆ ಸುತ್ತಿದಳು. ಕುಟ್ಟನ್ ಮಗುವಿನಂತೆ ಅಮ್ಮನನ್ನು ಕರೆಯುತ್ತಿದ್ದ; ಅವಳು "ಆಯ್ತು, ಆಯ್ತು, ಮುಗೀತು," ಎನ್ನುತ್ತಿದ್ದಳು. ಕಟ್ಟು ಮುಗಿದ ಮೇಲೆ ಉರಿಯುವ ಬಸ್ಸಿನ ಕಡೆ ನೋಡಿದಳು. ಗೋಣಿ ಸುಟ್ಟು ಬತ್ತಲಾದ ಡಬ್ಬ ಸೀಟಿನ ಕೆಳಗೆ ಕಾಣುತ್ತಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ, "ನಿಮ್ಮ ಕಾನೂನು ಸರಿಯಾಗೇ ಇತ್ತು ಕಣಪ್ಪ. ನೀವು ಅದ ನಂಗೊಬ್ಳಿಗೇ ಯೋಳುದ್ರಿ," ಎಂದಳು. ಗಾಡಿ ಹತ್ತಿ ತನ್ನ ದಾರಿ ಹಿಡಿದಳು. ಅವಳು ತಲುಪುವ ಮೊದಲೇ ಕೂಸು ಹುಟ್ಟಿತ್ತೆಂದೂ, ತಾಯಿ ಮಗು ಉಳಿದದ್ದು ಅವರ ಪುಣ್ಯವೆಂದೂ ಆಮೇಲೆ ಕೇಳಿದೆ.

ಒಂದು ವಾರದ ನಂತರ ವಿಚಾರಣೆ. ಠಾಣೆಯಲ್ಲಿ ಮೇಜಿನ ಆಚೆ ಸಬ್ ಇನ್ಸ್‌ಪೆಕ್ಟರರು, ಪಕ್ಕದ ಕುರ್ಚಿಯಲ್ಲಿ ಗುರುಮಲ್ಲಪ್ಪನವರು, ಎದುರಿಗೆ ನಿಂತ ನಾನು. "ಬಸ್ಸಿಗೆ ಎಣ್ಣೆ ಡಬ್ಬ ತಂದವರು ಯಾರು?" ಎಂದು ಸಬ್ ಇನ್ಸ್‌ಪೆಕ್ಟರರು ಕೇಳಿದರು. ಗುರುಮಲ್ಲಪ್ಪನವರು ನನ್ನತ್ತ ನೋಡಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದರು. ನಾನು ಹೇಳಿದೆ: "ಸೂಲಗಿತ್ತಿ ರಾಚಮ್ಮ ಒಂದು ಡಬ್ಬ ಸೀಮೆಎಣ್ಣೆ ತಂದಿದ್ದಳು ಸಾರ್. ಬೇಡ ಅಂತ ಹೇಳಿದೆ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬದುಕಿನಲ್ಲಿ ಹೇಳಿಲ್ಲ. ಮುಂದಿನ ಪ್ರಶ್ನೆ ಬರುತ್ತದೆ, ಆಗ ಉಳಿದದ್ದನ್ನು ಹೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಪ್ರಶ್ನೆ ಬರಲಿಲ್ಲ. ಸತ್ಯವನ್ನು ಅರ್ಧಕ್ಕೆ ಕೊಯ್ದರೆ ಉಳಿಯುವುದು ಅರ್ಧ ಸತ್ಯವಲ್ಲ ಎಂಬುದು ಆ ಮೌನದಲ್ಲೇ ನನಗೆ ತಿಳಿಯಿತು, ಆದರೂ ಸುಮ್ಮನೆ ನಿಂತೆ. ಕುಟ್ಟನ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ; ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಕೈಯೊಂದಿಗೆ ಅವನನ್ನು ಅವನ ಅಣ್ಣ ಊರಿಗೆ ಕರೆದೊಯ್ದ. ರಾಚಮ್ಮನನ್ನು ಕರೆಸಿ ಕೇಳಿದರು, ಅವಳು ನಡೆದದ್ದನ್ನು ಹೇಳಿದಳು. ಸಾಕ್ಷಿ ಸಾಲದೆಂದು ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಆದರೆ ಬಸ್ ನಿಲ್ದಾಣಕ್ಕೆ ಸಾಕ್ಷಿ ಬೇಕಿರಲಿಲ್ಲ. 'ಬೆಂಕಿ ಸೂಲಗಿತ್ತಿ' ಎಂಬ ಹೆಸರು ಸಂತೆಯಿಂದ ಸಂತೆಗೆ ಹರಡಿತು, ಗಾಡಿ ಕಟ್ಟಿಕೊಂಡು ಬರುವವರು ನಿಂತುಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳೇ ಕೇಳಿಕೊಂಡು ಪುಣಜನೂರಿಗೆ ವರ್ಗ ಮಾಡಿಸಿಕೊಂಡಳು.

ಎಂಟು ತಿಂಗಳು ನಾನು ಬಾಯಿ ಬಿಡಲಿಲ್ಲ. ಮಾಲೀಕರು ಬೇರೆ ಬಸ್ಸು ತಂದರು, ನಾನು ಅದರಲ್ಲಿ ಸೀಟಿ ಊದಿದೆ. ನನ್ನ ತಂಗಿ ಹೆರಿಗೆಗೆ ಬಂದಾಗ ಅಮ್ಮ ಒಲೆಯ ಮುಂದೆ ಕೂತು, "ಸದ್ಯ, ಆ ಬೆಂಕಿ ಕೈಯೋಳು ಊರು ಬುಟ್ಟೋದ್ಲು, ನಮ್ ಮನೆಗೆ ಕಾಲಿಡಾಂಗಿಲ್ಲ," ಎಂದರು. ನಾನು ಆಡಿದ ಮಾತು ಊರೆಲ್ಲ ಸುತ್ತಿ ನನ್ನ ತಾಯಿಯ ಬಾಯಿಂದ ನನ್ನ ಕಿವಿಗೇ ಬಂದಿತ್ತು. ಮರುದಿನ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಸಬ್ ಇನ್ಸ್‌ಪೆಕ್ಟರರು ಓದಿ, ಕಾಗದವನ್ನು ಮಡಚಿ, "ಇಷ್ಟು ದಿನ ಏನು ಮಾಡ್ತಿದ್ದೆ?" ಎಂದರು. ಸಂಜೆಯೊಳಗೆ ಸುದ್ದಿ ಮಾಲೀಕರಿಗೆ ಮುಟ್ಟಿತು. ನನ್ನ ಸೀಟಿ, ಚೀಟಿಪುಸ್ತಕಗಳನ್ನು ಇಸಿದುಕೊಂಡರು. ಅದಕ್ಕೆ ನನಗೆ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ, ಶಿಕ್ಷೆಯಾಯಿತಲ್ಲ, ಋಣ ಹರಿಯಿತು ಎಂದು ಒಳಗೊಳಗೆ ಹಗುರವಾಯಿತು. ಆ ಹಗುರವನ್ನು ಅವಳಿಗೆ ತೋರಿಸಿ ಬರೋಣವೆಂದೇ ಪುಣಜನೂರಿಗೆ ಹೋದೆ.

ಅವಳು ಕಾಡಿನಂಚಿನ ಒಂದು ಮನೆಯ ಜಗಲಿಯಲ್ಲಿ ಕೂಸೊಂದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಎಲ್ಲಿ ಯೋಳುದ್ರಿ?"

"ಠಾಣೆಯಲ್ಲಿ, ಬರೆದು ಕೊಟ್ಟೆ."

"ಅದ ಯಾರು ಓದ್ತಾರೆ?" ಕೂಸನ್ನು ಮಗುಚಿ ಬೆನ್ನಿಗೆ ಎಣ್ಣೆ ಸವರಿದಳು. "ನನ್ನ ಎಸ್ರು ಕೆಟ್ಟದ್ದು ಠಾಣೇಲಲ್ಲ ಕಣಪ್ಪ. ಬಸ್ ಸ್ಟ್ಯಾಂಡಲ್ಲಿ. ಅಲ್ಲಿ ನಿಂತ್ಕಂಡು ಯೋಳಿ. ಆಮ್ಯಾಕೆ ಬನ್ನಿ."

ಮುಂದಿನ ಸಂತೆಯ ದಿನ ನಾನು ಗುಂಡ್ಲುಪೇಟೆಯ ನಿಲ್ದಾಣದ ಚಹಾದಂಗಡಿಯ ಮುಂದೆ ನಿಂತೆ. ಬೆಂಚಿನ ಮೇಲೆ ಏಳೆಂಟು ಜನ, ಎಲ್ಲ ಗುರುತಿನವರೇ. "ಆವತ್ತು ಬಸ್ಸು ಸುಟ್ಟದ್ದು ರಾಚಮ್ಮನ ಎಣ್ಣೆಯಿಂದಲ್ಲ. ಅವಳು ಬಸ್ಸಿನಲ್ಲೇ ಇರಲಿಲ್ಲ. ನಾನು ಇಳಿಸಿದ್ದೆ. ಅದು ಗುರುಮಲ್ಲಪ್ಪನವರ ಪೆಟ್ರೋಲು, ನಾನೇ ಬಿಟ್ಟುಕೊಂಡದ್ದು," ಎಂದೆ. ಯಾರೂ ಬೆಚ್ಚಲಿಲ್ಲ. ಎಲೆ ಅಡಿಕೆ ಮಾರುವ ಮುದುಕ ಸುಣ್ಣ ಸವರುತ್ತ, "ನಮ್ಗೆ ಅವತ್ತೇ ಗೊತ್ತಿತ್ತು ಕಣ್ಲಾ. ಬಸ್ನಲ್ಲಿದ್ದೋರು ನಾವಲ್ವ? ಈಗ್ಯಾಕ್ ಅದ್ನ ಕೆದಕ್ತೀಯ, ಬುಡು," ಎಂದ.

"ಗೊತ್ತಿದ್ದೂ ಅವಳನ್ನು ಯಾಕೆ ಅಂದಿರಿ?"

ಮುದುಕ ಎಲೆ ಮಡಚಿದ. ನನ್ನ ಪ್ರಶ್ನೆ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲವೆಂದು ಮುಖವೇ ಹೇಳುತ್ತಿತ್ತು. "ಮತ್ತಿನ್ಯಾರ್ನ ಅನ್ನಾಣ?" ಎಂದ.

ನಾನು ಇಷ್ಟು ದಿನ ಒಂದು ಸತ್ಯವನ್ನು ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ಬಚ್ಚಿಡಲು ಏನೂ ಇರಲಿಲ್ಲ. ನನ್ನ ಮಾತು ಯಾರನ್ನೂ ನಂಬಿಸಿರಲಿಲ್ಲ. ನಂಬಿದಂತೆ ಇರಲು ಎಲ್ಲರಿಗೂ ಅಪ್ಪಣೆ ಕೊಟ್ಟಿತ್ತು, ಅಷ್ಟೆ. ಬೆಂಚಿನವರು ಆಗಲೇ ರಾಗಿಯ ಧಾರಣೆಯ ಮಾತಿಗೆ ಹೊರಳಿದ್ದರು. ಚಾಮರಾಜನಗರದ ಬಸ್ಸು ಬಂದು ನಿಂತಿತು, ಜನ ಇಳಿಯತೊಡಗಿದರು. ನಾನು ಬೆಂಚಿನ ಮೇಲೆ ಹತ್ತಿ ನಿಂತು, ಮೊದಲಿನಿಂದ, ಈ ಸಲ ಇನ್ನೂ ಗಟ್ಟಿಯಾಗಿ, ಹೇಳತೊಡಗಿದೆ.