ಒಲೆ ಹಚ್ಚುವ ಮೊದಲು

ಕಳೆದ ವಾರ ವಾಸ್ಕೋದ ನನ್ನ ಫ್ಲ್ಯಾಟಿನಲ್ಲಿ ಹಾಲು ಉಕ್ಕಿತು. ಇಂಡಕ್ಷನ್ ಒಲೆಯ ಗಾಜಿನ ಮೇಲೆ ಹರಡಿ ಕರಕಲಾಯಿತು. ಒರೆಸಲು ಬಟ್ಟೆ ಹುಡುಕುತ್ತಿದ್ದವಳು ಆ ವಾಸನೆಗೆ ಹಾಗೇ ನಿಂತುಬಿಟ್ಟೆ. ಇದೇ ಊರಿನ ಸಡಾ ಗುಡ್ಡದ ನಮ್ಮ ಹಳೆಯ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದದ್ದೇ ಇದರಿಂದ: ಕೆಂಪಗೆ ಕಾದ ಸುರುಳಿ ತಂತಿಯ ಮೇಲೆ ಚಿಮ್ಮಿದ ಹಾಲು, ಅದರ ಹಿಂದೆಯೇ ಜೋಳದ ಹಿಟ್ಟು ಸೀದ ಘಮ, ಕಿಟಕಿಯಿಂದ ಬಂದರಿನ ಉಪ್ಪುಗಾಳಿ. ಆ ಮನೆಯನ್ನು ಕೆಡವಿ ಬಹಳ ಕಾಲವಾಯಿತು. ಈಗಿನ ಮನೆಯಲ್ಲಿ ಒಲೆ, ಇಸ್ತ್ರಿ, ಗೀಜರ್ ಎಲ್ಲವನ್ನೂ ಒಟ್ಟಿಗೇ ಹಚ್ಚಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಹಾಗೆ ಕೇಳಿ ಬದುಕಿದವರು ನೀವೂ ಆಗಿದ್ದರೆ, ನಾನು ಯಾಕೆ ಇದನ್ನು ಸಂಕಟದಿಂದ ಹೇಳುತ್ತಿದ್ದೇನೆ ಎಂದು ನಿಮಗೆ ತಿಳಿದೀತು.

ಮೂರು ಖೋಲಿಗಳ, ಅಂದರೆ ಬಾಡಿಗೆ ಕೋಣೆಗಳ, ಸಾಲು ಅದು; ಮೂರಕ್ಕೂ ಒಂದೇ ಮೀಟರು, ಒಂದೇ ಫ್ಯೂಸು. ಅಪ್ಪ ಬಂದರಿನ ಕೂಲಿಗೆ, ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನನ್ನನ್ನು ಸಾಕಿದವಳು ಅವ್ವನ ಅಕ್ಕ, ನಮ್ಮ ದೊಡ್ಡವ್ವ. ಅವಳಿಗೆ ದಮ್ಮಿನ ಕಾಯಿಲೆ. ಚಿಮಣಿ ಎಣ್ಣೆಯ ಸ್ಟೋ ಹಚ್ಚಿದರೆ ಸಾಕು, ಕೆಮ್ಮಿ ಕೆಮ್ಮಿ ಹೊಸ್ತಿಲ ಮೇಲೆ ಕುಸಿದು, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಳು. ಹೊಗೆಯ ಹತ್ತಿರ ಸುಳಿಯಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಬಂದದ್ದು ಕರೆಂಟ್ ಒಲೆ: ಬಿಳಿ ಮಣ್ಣಿನ ಬಿಲ್ಲೆ, ಅದರ ಗೀರುಗಳಲ್ಲಿ ಸುತ್ತಿಕೊಂಡು ಮಲಗಿದ ತಂತಿ. ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳು ರೊಟ್ಟಿ ಬೇಯಿಸುವಾಗ ಉಸಿರು ಸರಾಗವಾಗಿ ಆಡುತ್ತಿತ್ತು. ಅದನ್ನು ಕೇಳುತ್ತ ಮಲಗಿರುವುದು ನನಗೆ ಬಹಳ ಸುಖದ ಸಂಗತಿಯಾಗಿತ್ತು.

ಆ ಸುರುಳಿ ಆಗಾಗ ಕಡಿದುಹೋಗುತ್ತಿತ್ತು. ದೊಡ್ಡವ್ವ ಬಿಡುವ ಪೈಕಿಯಲ್ಲ. ಸುಟ್ಟ ತುದಿಗಳನ್ನು ಇಕ್ಕಳದಿಂದ ಮುರಿದು ಬಿಸಾಕಿ, ಉಳಿದದ್ದನ್ನು ಎಳೆದು, ತುದಿಗೆ ತುದಿ ಹೊಸೆದು ಮತ್ತೆ ಗೀರಿನಲ್ಲಿ ಕೂರಿಸುತ್ತಿದ್ದಳು. ಹೀಗೆ ಮಾಡಿದಾಗಲೆಲ್ಲ ಒಲೆ ಮೊದಲಿಗಿಂತ ಬೇಗ ಕೆಂಪಾಗುತ್ತಿತ್ತು. "ಕಡದಷ್ಟೂ ಚುರುಕಾಗೇತಿ ನೋಡವಾ, ನನ್ನ ಕೈಗುಣ!" ಎಂದು ಬೀಗುತ್ತಿದ್ದಳು. ಅವಳ ಕೈಗುಣ ಹೆಚ್ಚಾದಂತೆ ಸಾಲಿನ ಫ್ಯೂಸು ಹಾರುವುದೂ ಹೆಚ್ಚಾಯಿತು. ಪಕ್ಕದ ಖೋಲಿಯ ಶಿವಲೀಲಾ ಕಾಕಿ ಗಂಡನ ಅಂಗಿಗೆ ಇಸ್ತ್ರಿ ಹಚ್ಚಿದರೆ ಸಾಕು, ಮೂರೂ ಮನೆ ಕತ್ತಲು. ಕೊನೆಗೆ ಮನೆ ಮಾಲಕಿ ಬಂದು ಕೊಂಕಣಿಯಲ್ಲಿ ಸರಿಯಾಗಿ ಬೈದು, ಭಾನುವಾರದೊಳಗೆ ಒಲೆ ಹೊರಗೆ ಹೋಗಬೇಕು, ಇಲ್ಲವಾದರೆ ವೈರು ಕಿತ್ತುಹಾಕುತ್ತೇನೆ ಎಂದಳು. ಆ ಸಂಜೆ ದೊಡ್ಡವ್ವ ಅಟ್ಟದ ಮೇಲಿದ್ದ ಹಳೆಯ ಸ್ಟೋ ಇಳಿಸಿ ಧೂಳು ಒರೆಸತೊಡಗಿದಳು. ನನಗೆ ಅಳುವೇ ಬಂತು.

ಹಡಗು ರಿಪೇರಿಯ ಯಾರ್ಡಿನಲ್ಲಿ ವೈರಿಂಗ್ ಕೆಲಸಕ್ಕಿದ್ದ ಕಾಕಿಯ ಗಂಡ ಹನುಮಂತ ಕಾಕಾ ಅದನ್ನು ನೋಡಿದ. ಭಾನುವಾರ ಬೆಳಿಗ್ಗೆ ಕರೆಂಟ್ ಅಳೆಯುವ ಒಂದು ಮೀಟರು ಹಿಡಿದು ಬಂದ. ಏಡಿಯ ಹಾಗೆ ಬಾಯಿ ತೆರೆದು ತಂತಿಯನ್ನು ಹಿಡಿಯುವಂಥದ್ದು. "ವೋಲ್ಟ್ ಇನ್ನೂರೈತಿ. ನಿಮ್ಮ ಒಲಿ ಎಂಟ್ ಆಂಪಿಯರ್ ಎಳ್ಯಾಕತ್ತೈತ್ರಿ ಅಕ್ಕಾರ. ಏ ಹುಡುಗಿ, ಸಾಲಿ ಕಲ್ಯಾಕತ್ತಿಯಲ್ಲ, ಲೆಕ್ಕಾ ಹಾಕು" ಎಂದ. ಶಾಲೆಯಲ್ಲಿ ಆಗಷ್ಟೇ ಆ ಪಾಠ ಮುಗಿದಿತ್ತು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧ, ಎರಡನ್ನೂ ಗುಣಿಸಿದರೆ ವ್ಯಾಟ್. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದೆ. ಇಪ್ಪತ್ತೈದು ಓಮ್, ಸಾವಿರದ ಆರುನೂರು ವ್ಯಾಟ್. ಆಮೇಲೆ ಕಾಕಾ ಜೇಬಿನಿಂದ ಹೊಸ ಸುರುಳಿ ತೆಗೆದು ಹಾಕಿದ. ಅದು ಎಳೆದದ್ದು ನಾಲ್ಕೇ ಆಂಪಿಯರು: ಐವತ್ತು ಓಮ್, ಎಂಟುನೂರು ವ್ಯಾಟ್.

"ತಂತಿ ಗಿಡ್ಡಾದಷ್ಟೂ ತಡಿಯೂದು ಕಡಿಮಿ ಆಗತೈತಿ ದೊಡ್ಡವ್ವಾ, ಕರೆಂಟ್ ಜಾಸ್ತಿ ಹರೀತೈತಿ" ಎಂದೆ.

ದೊಡ್ಡವ್ವನ ಮುಖ ಸಣ್ಣದಾಯಿತು. "ಅಂದ್ರ ಇಷ್ಟ ದಿನ ಎಲ್ಲಾರ ಮನಿ ದೀಪಾ ನಾನ ಆರಿಸಿದ್ನೇನು?"

"ನಿಮ್ಮ ಕೈಗುಣ ಭಾಳ ಚಲೋ ಆತ್ರಿ, ಫ್ಯೂಸಿಗೆ ತಾಳ್ಳಿಲ್ಲ, ಅಷ್ಟ" ಎಂದು ಕಾಕಾ ನಕ್ಕ.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಹೊಸ ಒಲೆ ನಾಲ್ಕು ಆಂಪಿಯರು, ಕಾಕಿಯ ಇಸ್ತ್ರಿ ನಾಲ್ಕು, ಮೂರನೆಯ ಖೋಲಿಯಲ್ಲಿದ್ದ ವೆರ್ಣಾ ಫ್ಯಾಕ್ಟರಿಯ ಹುಡುಗರು ನೀರು ಕಾಯಿಸುವ ರಾಡ್ ಐದು. ಫ್ಯೂಸು ತಾಳುವುದು ಹತ್ತು. ಯಾವ ಎರಡಾದರೂ ನಡೆದೀತು, ಮೂರನೆಯದು ಕಾಯಬೇಕು. ಮಾಲಕಿಯನ್ನೂ ಹಾಗೆಯೇ ಒಪ್ಪಿಸಿ ಒಲೆಯನ್ನು ಉಳಿಸಿಕೊಂಡೆವು. ಅಂದಿನಿಂದ ಸ್ವಿಚ್ಚಿಗೆ ಕೈ ಹಾಕುವ ಮೊದಲು ಕೂಗುವುದು ಸಾಲಿನ ಪದ್ಧತಿಯಾಯಿತು. "ಒಲಿ ಹಚ್ಚಲೇನ್ರೀ?" ಎಂದು ದೊಡ್ಡವ್ವ ಕೂಗಿದರೆ, ಗೋಡೆಯಾಚೆಯಿಂದ ಕಾಕಿಯ ಉತ್ತರ: "ಹಚ್ಚ್ರಿ ಅಕ್ಕಾರ!" ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಇಷ್ಟು ಮಾತು ತಪ್ಪುತ್ತಿರಲಿಲ್ಲ. ಮಾತು ಬಿಟ್ಟವರು ಫ್ಯೂಸಿನ ದೆಸೆಯಿಂದ ಮತ್ತೆ ಮಾತಾಡುತ್ತಿದ್ದರು.

ಆ ಒಲೆ ದೊಡ್ಡವ್ವನಿಗೆ ಇನ್ನೂ ಕೆಲವು ಒಳ್ಳೆಯ ವರ್ಷಗಳನ್ನು ಕೊಟ್ಟಿತು. ಕೊನೆಕೊನೆಗೆ ಕೂಗುವಷ್ಟು ಉಸಿರು ಉಳಿಯಲಿಲ್ಲ. ಆಗ ಇಕ್ಕಳದಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದಳು, ಕಾಕಿ ಆಚೆಯಿಂದ ಅದೇ ಉತ್ತರ ಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ದೊಡ್ಡವ್ವ ಹೋದಳು. ಸೂತಕದ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಾಕಿಯೇ ಊಟ ತಂದಿಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವ್ವ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ, ಚಹಾ ಇಡಲು ನಾನೇ ಒಲೆಯ ಮುಂದೆ ಕೂತೆ. ಕೂಗುವ ಬದಲು ದೊಡ್ಡವ್ವನ ಇಕ್ಕಳ ತೆಗೆದು ಗೋಡೆಗೆ ಬಡಿದೆ.

ತಕ್ಷಣವೇ, ಯೋಚನೆಯೇ ಇಲ್ಲದೆ, ಆಚೆಯಿಂದ ಕಾಕಿಯ ದನಿ ಬಂತು: "ಹಚ್ಚ್ರಿ ಅಕ್ಕಾರ!"

ಆಮೇಲೆ ಇಸ್ತ್ರಿಯನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಕಾಕಿ ಅಳತೊಡಗಿದಳು. ನಾನು ಸ್ವಿಚ್ ಒತ್ತಿ, ಇಬ್ಬರಿಗಾಗುವಷ್ಟು ಚಹಾಕ್ಕೆ ನೀರಿಟ್ಟೆ.